ಮೌಸ್ ಅವರ ಕೈಯಲ್ಲೇ ಇರಲಿ: ಗೆಳೆಯರ ಮನೆಯ ಕಂಪ್ಯೂಟರ್ ಸರಿಮಾಡಲು ಹೋಗುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಗೆಳೆಯನೊಬ್ಬನ ಮಗಳ ನಾಮಕರಣದ ಫೋಟೋಗಳನ್ನು ನಾನು ಅಳಿಸಿಹಾಕಿದ್ದೇನೆ. ಹತ್ತು ವರ್ಷದ ಮೇಲಾಯಿತು. ಅವನ ಸಿಸ್ಟಮ್ ತೆವಳುತ್ತಿತ್ತು, ನಾನು 'ಸಿ ಡ್ರೈವ್ ಪೂರ್ತಿ ಅಳಿಸಿ ಫಾರ್ಮ್ಯಾಟ್ ಹೊಡೆದುಬಿಡೋಣ' ಎಂದೆ. 'ಮುಖ್ಯವಾದ್ದು ಏನಾದರೂ ಇದೆಯಾ?' ಎಂದು ಕೇಳಿದ್ದೂ ಹೌದು. 'ಎಲ್ಲಾ ಡಿ ಡ್ರೈವಲ್ಲಿದೆ, ನೀ ಹೊಡಿ' ಎಂದ. ಹೊಡೆದೆ. ಫೋಟೋಗಳಿದ್ದದ್ದು ಡೆಸ್ಕ್‌ಟಾಪ್ ಮೇಲಿನ ಒಂದು ಫೋಲ್ಡರಿನಲ್ಲಿ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನೊಳಗೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ತೆರೆದು ನೋಡಲಿಲ್ಲ. ಅವನು ಇವತ್ತಿಗೂ ಒಂದು ಮಾತು ಬೈದಿಲ್ಲ. ಅವನ ಹೆಂಡತಿ ಮಾತ್ರ ನಾನು ಹೋದಾಗಲೆಲ್ಲ ಕಾಫಿ ಲೋಟ ಮುಂದಿಟ್ಟು, 'ಇವತ್ತು ಎಂತ ಅಳಿಸೋದಕ್ಕೆ ಬಂದಿದ್ದು?' ಎಂದು ಕೇಳುತ್ತಾರೆ.

ನಾನು ಕಂಪ್ಯೂಟರ್ ಓದಿದವನಲ್ಲ. ಸಾಗರದ ಕಡೆಯವನು, ಲೆಕ್ಕಪತ್ರದ ಕೆಲಸ. ಬಳಗದಲ್ಲಿ ಯಾರ ಮನೆಯ ಸಿಸ್ಟಮ್ ಕೆಟ್ಟರೂ ಫೋನು ಬರುವುದು ನನಗೆ, ಅಷ್ಟೆ. ನಿಮಗೂ ಹಾಗೆ ಫೋನು ಬರುತ್ತಿದ್ದರೆ ಈ ಬರಹ ನಿಮಗೆ. ಹೆಚ್ಚಿನ ಮನೆಗಳಲ್ಲಿ ವಿಂಡೋಸೇ ಇರುವುದರಿಂದ ಮಾತೆಲ್ಲ ಅದರದ್ದೇ.

ಹೊರಡುವ ಮುಂಚೆ, ಫೋನಿನಲ್ಲೇ

'ಆಗ್ತಿಲ್ಲ' ಎನ್ನುವ ಒಂದು ಮಾತಿನ ಮೇಲೆ ಬೈಕ್ ಹತ್ತಬೇಡಿ. ಆನ್ ಆಗುತ್ತಿಲ್ಲವೋ, ಆನ್ ಆಗಿ ಪರದೆ ಬರುತ್ತಿಲ್ಲವೋ, ಪರದೆ ಬಂದು ಪಾಸ್‌ವರ್ಡ್ ತೆಗೆದುಕೊಳ್ಳುತ್ತಿಲ್ಲವೋ, ಮೂರೂ ಬೇರೆ ಬೇರೆ ಕಾಯಿಲೆ. ನಾನು ಕೇಳುವುದು ಮೂರೇ ಪ್ರಶ್ನೆ. ಕೊನೆಗೆ ಸರಿ ಇದ್ದದ್ದು ಯಾವಾಗ? ಅದಾದ ಮೇಲೆ ಏನು ಬದಲಾಯಿತು? ಈಗ ಪರದೆ ಮೇಲೆ ಇರುವುದನ್ನು ಹಾಗೇ ಓದಿ ಹೇಳು, ಇಲ್ಲವೇ ಮೊಬೈಲಲ್ಲಿ ಫೋಟೋ ಹೊಡೆದು ಕಳಿಸು.

ಎರಡನೇ ಪ್ರಶ್ನೆಗೆ ಉತ್ತರ ಯಾವತ್ತೂ 'ಎಂತೂ ಮಾಡಿಲ್ಲ ಮಾರಾಯಾ' ಎಂದೇ ಬರುತ್ತದೆ. ಬಿಡಬೇಡಿ. ಕರೆಂಟ್ ಹೋಗಿ ಬಂತಾ? ಗುಡುಗು ಸಿಡಿಲು ಇತ್ತಾ? ಮಕ್ಕಳು ಆಟ ಹಾಕಿಕೊಂಡರಾ? ಟೇಬಲ್ ಸರಿಸಿದಿರಾ? ಒಬ್ಬ ಗೆಳೆಯ ಹೀಗೆಯೇ ಏನೂ ಮಾಡಿಲ್ಲ ಎಂದು ಹತ್ತು ನಿಮಿಷ ವಾದಿಸಿ ಕೊನೆಗೆ, 'ಚೌತಿ ಹಬ್ಬಕ್ಕೆ ಗೋಡೆಗೆ ಬಣ್ಣ ಹೊಡೆಸಿದ್ವಿ' ಎಂದ. ಬಣ್ಣದವರು ವೈರು ಬಿಚ್ಚಿ ಮತ್ತೆ ಚುಚ್ಚಿದ್ದರು. ಅವನದ್ದು ಗ್ರಾಫಿಕ್ಸ್ ಕಾರ್ಡ್ ಹಾಕಿದ ಸಿಸ್ಟಮ್. ಅಂಥವುಗಳ ಹಿಂಭಾಗದಲ್ಲಿ ಮಾನಿಟರ್ ವೈರು ಚುಚ್ಚಲು ಎರಡು ಜಾಗ ಇರುತ್ತವೆ: ಮೇಲೆ ಮದರ್‌ಬೋರ್ಡ್ ಎಂಬ ಮುಖ್ಯ ಹಲಗೆಯದು, ಕೆಳಗೆ ಅಡ್ಡಡ್ಡ ಇರುವುದು ಕಾರ್ಡಿನದು. ಮೇಲಿನದಕ್ಕೆ ಚುಚ್ಚಿದರೆ ಹೆಚ್ಚಿನ ಸಲ ಪರದೆ ಕಪ್ಪಗೇ ಉಳಿಯುತ್ತದೆ. ಫೋನಿನಲ್ಲೇ ಬದಲಿಸಿಸಿದೆ, ಮುಗಿಯಿತು.

ಮುಂದಿನದು ರೀಸ್ಟಾರ್ಟ್. ಇದನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದರೊಳಗೆ ಒಂದು ಸೂಕ್ಷ್ಮವಿದೆ. 'ದಿನಾ ರಾತ್ರಿ ಶಟ್‌ಡೌನ್ ಮಾಡ್ತೀನಲ್ಲ' ಎನ್ನುತ್ತಾರೆ. ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಎಂದರೆ ಪೂರ್ತಿ ಆರುವುದಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿನಲ್ಲಿ ವಿಂಡೋಸ್ ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಏಳುತ್ತದೆ. ನಿನ್ನೆಯ ಗೊಂದಲವೂ ಜೊತೆಗೇ ಏಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಹೊಸದಾಗಿ ಶುರು. ನಂಬದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿಸಿ, ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಅಡಿ ಇರುವ 'ಅಪ್ ಟೈಮ್' ಓದಿಸಿ. ದಿನಾ ಆರಿಸುವ ಸಿಸ್ಟಮ್ 40 ದಿನದಿಂದ ಎದ್ದೇ ಇದೆ ಎಂದು ತೋರಿಸುವುದನ್ನು ನೋಡಿದ್ದೇನೆ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕೊಟ್ಟರೆ ಪೂರ್ತಿ ಆರುತ್ತದೆ.

ಮನೆಗೆ ಹೋದ ಮೇಲೆ: ಕುರ್ಚಿ ಪಕ್ಕಕ್ಕೆ

ಮೌಸ್ ಕಿತ್ತುಕೊಳ್ಳಬೇಡಿ. ಅವರ ಕುರ್ಚಿಯಲ್ಲಿ ಅವರೇ ಕೂರಲಿ, ನೀವು ಪಕ್ಕದಲ್ಲಿ ಸ್ಟೂಲ್ ಎಳೆದುಕೊಳ್ಳಿ. ನಿಧಾನವಾಗುತ್ತದೆ, ಕೈ ತುರಿಸುತ್ತದೆ, ಗೊತ್ತು. ಆದರೆ ತೊಂದರೆ ನಿಜಕ್ಕೂ ಎಲ್ಲಿದೆ ಎಂದು ಕಾಣುವುದು ಅವರ ಕೈ ಓಡುವುದನ್ನು ನೋಡಿದಾಗಲೇ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಗೆಳೆಯನೊಬ್ಬ 'ಎಕ್ಸೆಲ್ ಫೈಲ್ ಎರಡೆರಡು ಆಗ್ತದೆ, ವೈರಸ್ಸು' ಎನ್ನುತ್ತಿದ್ದ. ನಾನು ಮೌಸ್ ಹಿಡಿದಾಗಲೆಲ್ಲ ಎಲ್ಲವೂ ಸರಿ ಇರುತ್ತಿತ್ತು. ಮೂರನೇ ಸಲ ಅವನ ಕೈಗೇ ಬಿಟ್ಟು ನೋಡಿದೆ. ಉಳಿಸುವಾಗ ಪ್ರತಿ ಸಲವೂ 'ಸೇವ್ ಆ್ಯಸ್' ಕೊಟ್ಟು, ಹೆಸರಿನ ಮುಂದೆ ಒಂದು ಚುಕ್ಕೆ ಸೇರಿಸುತ್ತಿದ್ದ. ಯಾರೋ ಹಾಗೆ ಹೇಳಿಕೊಟ್ಟಿದ್ದರಂತೆ.

ಪಾಸ್‌ವರ್ಡ್ ಹಾಕುವಾಗ ಮುಖ ಆಚೆ ತಿರುಗಿಸಿ. ಅವರು 'ನಿಂಗೆ ಹೇಳಿದ್ರೆ ಎಂತ' ಎಂದು ಗಟ್ಟಿಯಾಗಿ ಹೇಳಲು ಹೊರಟರೆ ತಡೆಯಿರಿ. ನಾಳೆ ಖಾತೆಯಿಂದ ಹತ್ತು ರೂಪಾಯಿ ಹೋದರೂ ನಿಮ್ಮ ಹೆಸರು ಮನಸ್ಸಿನಲ್ಲಿ ಬರಬಾರದು.

ಏನನ್ನೂ ಮುಟ್ಟುವ ಮುಂಚೆ ನಕಲು

ಈ ಭಾಗವನ್ನು ಉಪದೇಶ ಎಂದುಕೊಂಡು ದಾಟಿಹೋಗುವವರು ಮೇಲಿನ ನಾಮಕರಣದ ಕಥೆಯನ್ನು ಇನ್ನೊಮ್ಮೆ ಓದಿ. ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ನಿಮ್ಮ ಚೀಲದಲ್ಲಿ ಯಾವತ್ತೂ ಇರಲಿ. 'ಮುಖ್ಯವಾದ್ದು ಇದೆಯಾ' ಎಂದು ಕೇಳಬೇಡಿ. ಆ ಪ್ರಶ್ನೆಗೆ ಯಾರಿಗೂ ಉತ್ತರ ಗೊತ್ತಿರುವುದಿಲ್ಲ. 'ಫೋಟೋ ತೋರಿಸು, ಲೆಕ್ಕ ತೋರಿಸು, ಮಗಳ ಪ್ರಾಜೆಕ್ಟ್ ತೋರಿಸು' ಎಂದು ಒಂದೊಂದಾಗಿ ತೆರೆಸಿ, ಅದು ಇರುವ ಜಾಗವನ್ನು ನೀವು ಬರೆದುಕೊಳ್ಳಿ.

1. ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನೊಳಗೆ ಅವರ ಹೆಸರಿನದ್ದೊಂದು ಫೋಲ್ಡರ್ ಇರುತ್ತದೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲವೂ ಅದರೊಳಗೇ. ಬಿಡಿ ಬಿಡಿಯಾಗಿ ಆರಿಸುತ್ತ ಕೂರದೆ ಅದನ್ನಿಡೀ ಎತ್ತಿ ನಕಲು ಮಾಡಿ. ಮನೆಯಲ್ಲಿ ಇಬ್ಬರು ಮೂವರ ಖಾತೆ ಇದ್ದರೆ ಎಲ್ಲರದ್ದೂ.

2. ಒನ್‌ಡ್ರೈವ್ ಚಾಲೂ ಇದ್ದರೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಅದರ ಫೋಲ್ಡರಿನೊಳಗೆ ಹೋಗಿ ಕೂತಿರಬಹುದು. ಫೈಲಿನ ಪಕ್ಕ ಬರೀ ಮೋಡದ ಗುರುತಿದ್ದರೆ ಅದು ಸಿಸ್ಟಮಿನಲ್ಲಿ ಇಲ್ಲ, ನೆಟ್ಟಿನಲ್ಲಿ ಮಾತ್ರ ಇದೆ. ಮೊದಲು ಇಳಿಸಿಕೊಳ್ಳಿ. ಪುಕ್ಕಟೆ ಜಾಗ 5 ಜಿಬಿ ಮಾತ್ರ. ಅದು ತುಂಬಿ ಎಚ್ಚರಿಕೆ ಬಂದಾಗ ಗಾಬರಿಯಲ್ಲಿ ಅಳಿಸಿದರೆ ಸಿಸ್ಟಮಿನಿಂದಲೂ ಹೋಗುತ್ತದೆ.

3. ಲೆಕ್ಕ ಬರೆಯುವ ಟ್ಯಾಲಿ ಇದ್ದರೆ ಅದರ ಡೇಟಾ ಫೋಲ್ಡರ್ ಎಲ್ಲಿದೆ ಎಂದು ಟ್ಯಾಲಿಯೊಳಗೇ ನೋಡಿ. ಅದು ಯೂಸರ್ಸ್ ಫೋಲ್ಡರಿನ ಹೊರಗೂ ಇರಬಹುದು.

4. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ಅವರ ಖಾತೆಗೆ ಸಿಂಕ್ ಆಗಿವೆಯೇ, ಆ ಖಾತೆಯ ಪಾಸ್‌ವರ್ಡ್ ಅವರಿಗೆ ನೆನಪಿದೆಯೇ ಎಂದು ಖಚಿತ ಮಾಡಿಕೊಳ್ಳಿ.

5. ನಕಲಾದ ಮೇಲೆ ಎಕ್ಸ್‌ಟರ್ನಲ್ ಡಿಸ್ಕಿನಿಂದಲೇ ನಾಲ್ಕಾರು ಫೋಟೋ, ಒಂದೆರಡು ಎಕ್ಸೆಲ್ ತೆರೆಸಿ. ತೆರೆದು ನೋಡದ ನಕಲಿನ ಮೇಲೆ ನಾನು ಭರವಸೆ ಇಡುವುದಿಲ್ಲ.

ಹೊಸ ಲ್ಯಾಪ್‌ಟಾಪ್ ಆದರೆ ಇನ್ನೊಂದು ಬೀಗವಿದೆ. ವಿಂಡೋಸ್ 11 ಇರುವ ಹಲವು ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ತಾನಾಗಿಯೇ ಗೂಢಲಿಪಿಯಲ್ಲಿ ಬರೆಯಲ್ಪಟ್ಟಿರುತ್ತದೆ. ಸಿಸ್ಟಮನ್ನು ಎಬ್ಬಿಸುವ ಮೂಲ ಪ್ರೋಗ್ರಾಮ್ ಬಯಾಸನ್ನು ಬದಲಿಸಿದರೆ, ಮದರ್‌ಬೋರ್ಡ್ ಬದಲಾದರೆ, ಏಳುವಾಗ ಬಿಟ್‌ಲಾಕರ್ ಎಂಬ ಈ ಬೀಗ ರಿಕವರಿ ಕೀ ಕೇಳುತ್ತದೆ: 48 ಅಂಕೆ. ಅದು ಸಾಮಾನ್ಯವಾಗಿ ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಕೆಲಸ ಶುರು ಮಾಡುವ ಮುಂಚೆಯೇ ಅಲ್ಲಿಗೆ ಹೋಗಿ ನೋಡಿ, ಕಾಗದದಲ್ಲಿ ಬರೆಸಿಡಿ. ಕೀ ಇಲ್ಲದಿದ್ದರೆ ಆ ಡಿಸ್ಕನ್ನು ಯಾವ ಅಂಗಡಿಯವನೂ ಓದಲಾರ.

ಆನ್ ಆಗುತ್ತಿಲ್ಲ

ಮೊದಲು ಪ್ಲಗ್, ಸ್ವಿಚ್, ಯುಪಿಎಸ್, ಎಕ್ಸ್‌ಟೆನ್ಷನ್ ಬೋರ್ಡ್. ಅದೇ ಬೋರ್ಡಿಗೆ ಮೊಬೈಲ್ ಚಾರ್ಜರ್ ಚುಚ್ಚಿ ಪರೀಕ್ಷಿಸಿ. ನಗಬೇಡಿ, ಕೆಲವೊಮ್ಮೆ ಕಥೆ ಅಲ್ಲಿಗೇ ಮುಗಿಯುತ್ತದೆ.

ಲ್ಯಾಪ್‌ಟಾಪ್ ಸತ್ತಂತಿದ್ದರೆ ಚಾರ್ಜರ್ ಕಿತ್ತು, ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ವಿದ್ಯುತ್ ಹೋಗಿ, ಸಿಕ್ಕಿಹಾಕಿಕೊಂಡ ಸರ್ಕ್ಯೂಟ್ ಬಿಡಿಸಿಕೊಳ್ಳುತ್ತದೆ. ಮತ್ತೆ ಚಾರ್ಜರ್ ಹಾಕಿ ಆನ್ ಮಾಡಿ. ಲ್ಯಾಪ್‌ಟಾಪಿನ ತಳ ಉಬ್ಬಿದ್ದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ, ಬ್ಯಾಟರಿ ಊದಿದೆ ಎಂದರ್ಥ. ಆನ್ ಮಾಡುವುದಾಗಲಿ ಚಾರ್ಜಿಗೆ ಹಾಕುವುದಾಗಲಿ ಬೇಡ. ಒತ್ತಿ ಚಪ್ಪಟೆ ಮಾಡಲು ಹೋದರೆ ಬೆಂಕಿ ಹತ್ತಬಹುದು. ನೇರ ಅಂಗಡಿಗೆ.

ಡೆಸ್ಕ್‌ಟಾಪಿನ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ ಎಂದರೆ ನಮ್ಮ ಕಡೆ ಮಳೆಗಾಲದಲ್ಲಿ ನನ್ನ ಮೊದಲ ಅನುಮಾನ ಮೆಮೊರಿ ಪಟ್ಟಿಯಾದ ರ್‍ಯಾಮ್ ಮೇಲೆ. ತಿಂಗಳುಗಟ್ಟಲೆ ಬಿಡದೆ ಹೊಯ್ಯುವ ಮಳೆಯಲ್ಲಿ ಅದರ ಸಂಪರ್ಕದ ಹಲ್ಲುಗಳಿಗೆ ಕಿಲುಬು ಕೂರುತ್ತದೆ. ಕರೆಂಟ್ ವೈರು ಕಿತ್ತುಹಾಕಿ. ಪವರ್ ಬಟನ್ ಒಮ್ಮೆ ಒತ್ತಿ ಉಳಿದ ವಿದ್ಯುತ್ ಖಾಲಿ ಮಾಡಿ. ಕ್ಯಾಬಿನೆಟ್ಟಿನ ಬೋಳು ಲೋಹವನ್ನು ಕೈಯಿಂದ ಮುಟ್ಟಿ. ಮೈಯಲ್ಲಿರುವ ಸ್ಥಾಯೀ ವಿದ್ಯುತ್ ಅಲ್ಲಿ ಇಳಿಯಲಿ. ರ್‍ಯಾಮಿನ ಎರಡೂ ಕೊನೆಯ ಕ್ಲಿಪ್ ಹೊರಕ್ಕೆ ತಳ್ಳಿದರೆ ಪಟ್ಟಿ ಎದ್ದು ಬರುತ್ತದೆ. ಮಕ್ಕಳ ಪೆನ್ಸಿಲ್ ಬಾಕ್ಸಿನ ಬಿಳಿ ರಬ್ಬರಿನಿಂದ ಚಿನ್ನದ ಬಣ್ಣದ ಹಲ್ಲುಗಳನ್ನು ಎರಡೂ ಕಡೆ ಮೆಲ್ಲಗೆ ಉಜ್ಜಿ. ಪುಡಿಯನ್ನು ಒಣ ಬಟ್ಟೆಯಲ್ಲಿ ಒರೆಸಿ. ಬಾಯಿಂದ ಊದಿದರೆ ಎಂಜಲು ಹಾರುತ್ತದೆ. ಪಟ್ಟಿಯ ನಡುವಿನ ಕಚ್ಚು ಸ್ಲಾಟಿನ ಕಚ್ಚಿಗೆ ಹೊಂದಿಸಿ, ಎರಡೂ ಕಡೆ 'ಟಕ್' ಎನ್ನುವ ತನಕ ಒತ್ತಿ. ಎರಡು ಪಟ್ಟಿ ಇದ್ದರೆ ಒಂದೊಂದನ್ನೇ ಹಾಕಿ ನೋಡಿ, ಕೆಟ್ಟದ್ದು ಯಾವುದೆಂದು ತಾನೇ ಹೇಳುತ್ತದೆ.

ಒಳಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ತೆರೆಯಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಹೊಡೆತ ಕೊಡುವಷ್ಟು ವಿದ್ಯುತ್ ಉಳಿದಿರುತ್ತದೆ. ಒಳಗೆ ಹಲ್ಲಿ ಸತ್ತು ಒಣಗಿದ್ದು ಜಾಲರಿಯಿಂದ ಕಾಣುತ್ತಿದ್ದರೂ ಬೇಡ. ಡಬ್ಬಿಯನ್ನೇ ಬದಲಿಸಿ.

ತೆವಳುತ್ತಿದೆ

ನಾನು ಹೋಗುವ ಹತ್ತು ಮನೆಗಳಲ್ಲಿ ಆರು ಮನೆಯದು ಇದೇ ದೂರು. ಟಾಸ್ಕ್ ಮ್ಯಾನೇಜರ್ ತೆರೆಸಿ, ಐದು ನಿಮಿಷ ಏನೂ ಮುಟ್ಟದೆ ಇಬ್ಬರೂ ಕೂತು ನೋಡಿ. ಏನೂ ತೆರೆಯದೆಯೂ ಡಿಸ್ಕ್ 100 ಪ್ರತಿಶತದಲ್ಲೇ ನಿಂತಿದ್ದರೆ, ಒಳಗಿರುವುದು ತಿರುಗುವ ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ, ಕ್ಲೀನರ್ ಸಾಫ್ಟ್‌ವೇರ್ ಹುಡುಕುತ್ತ ಕೂರಬೇಡಿ. ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಸಿಸ್ಟಮಿಗೆ ಖರ್ಚು ಮಾಡುವ ದುಡ್ಡಿನಲ್ಲಿ ಇದರಷ್ಟು ಫಲ ಕೊಡುವುದು ಬೇರೆ ನಾನು ಕಂಡಿಲ್ಲ. ಮೆಮೊರಿ ತುಂಬಿದ್ದರೆ, ಅಂದರೆ 4 ಜಿಬಿಯಲ್ಲಿ ಮೂವತ್ತು ಟ್ಯಾಬ್ ತೆರೆದಿಟ್ಟಿದ್ದರೆ, ರ್‍ಯಾಮ್ ಸೇರಿಸಬೇಕು ಅಥವಾ ಟ್ಯಾಬ್ ಮುಚ್ಚುವ ಅಭ್ಯಾಸ ಮಾಡಿಸಬೇಕು. ಎರಡನೆಯದು ಕಷ್ಟ.

ಟಾಸ್ಕ್ ಮ್ಯಾನೇಜರಿನಲ್ಲೇ ಸ್ಟಾರ್ಟಪ್ ಪುಟವಿದೆ. ಸಿಸ್ಟಮ್ ಏಳುವಾಗ ಜೊತೆಗೇ ಏಳುವವರ ಪಟ್ಟಿ ಅದು. ಪ್ರಿಂಟರಿನವನು, ಹಾಡಿನವನು, ಮೀಟಿಂಗಿನವನು, ಎಲ್ಲರಿಗೂ ಬೆಳಿಗ್ಗೆಯೇ ಏಳುವ ಆಸೆ. ಗುರುತಿಲ್ಲದ್ದನ್ನು ಒಂದೊಂದಾಗಿ ಡಿಸೇಬಲ್ ಮಾಡಿಸಿ, ಪ್ರತಿಯೊಂದಕ್ಕೂ 'ಇದು ನಿಂಗೆ ಬೇಕಾ' ಎಂದು ಕೇಳಿ. ಡಿಸೇಬಲ್ ಮಾಡಿದರೆ ಪ್ರೋಗ್ರಾಮ್ ಅಳಿಯುವುದಿಲ್ಲ, ಬೇಕಾದಾಗ ತೆರೆಯಬಹುದು. ಇದನ್ನು ಬಾಯಿಬಿಟ್ಟು ಹೇಳಿ. ಒಂದೇ ಸಿಸ್ಟಮಿನಲ್ಲಿ ಎರಡು ಆ್ಯಂಟಿವೈರಸ್ ಕಂಡರೆ ಒಂದನ್ನು ತೆಗೆಯಿಸಿ. ಮನೆ ಬಳಕೆಗೆ ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಸಿ ಡ್ರೈವ್ ತುಂಬಿ ಕೆಂಪಗಾಗಿದ್ದರೆ ಸೆಟ್ಟಿಂಗ್ಸಿನ ಸಿಸ್ಟಮ್, ಸ್ಟೋರೇಜ್, ಟೆಂಪರರಿ ಫೈಲ್ಸ್. ಆ ಪಟ್ಟಿಯಲ್ಲಿ 'ಡೌನ್‌ಲೋಡ್ಸ್' ಎಂದೂ ಒಂದು ಸಾಲಿರುತ್ತದೆ. ಅದಕ್ಕೆ ಟಿಕ್ ಹಾಕಿಸಬೇಡಿ. ಪಹಣಿ, ಅಂಕಪಟ್ಟಿ, ವಿಮೆ ಕಾಗದ, ಎಲ್ಲವನ್ನೂ ಡೌನ್‌ಲೋಡ್ಸಿನಲ್ಲೇ ಬಿಟ್ಟವರು ಬಹಳ ಜನ.

ಡಿಸ್ಕಿನಿಂದ 'ಟಿಕ್ ಟಿಕ್' ಸದ್ದು ಬರುತ್ತಿದ್ದರೆ ಲೆಕ್ಕ ಬೇರೆ. ಪರೀಕ್ಷೆ ಗಿರೀಕ್ಷೆ ಏನೂ ಬೇಡ. ಇನ್ನೂ ಓದಲು ಬರುತ್ತಿದ್ದರೆ ಅತಿ ಮುಖ್ಯವಾದ ಫೋಲ್ಡರ್ ಒಂದನ್ನು ಮೊದಲು ಎತ್ತಿಕೊಳ್ಳಿ. ಓದಲು ಬಾರದಿದ್ದರೆ ತಕ್ಷಣ ಆರಿಸಿ. ಮತ್ತೆ ಮತ್ತೆ ಆನ್ ಮಾಡಿದಷ್ಟೂ ಒಳಗಿನ ತಟ್ಟೆ ಗೀರಿಹೋಗುತ್ತದೆ.

ವಿಂಡೋಸ್ 10ರ ಮಾತು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ನಿಂತಿತು. ನೋಂದಾಯಿಸಿಕೊಂಡ ಮನೆ ಬಳಕೆದಾರರಿಗೆ ಭದ್ರತೆಯ ಅಪ್‌ಡೇಟ್ 2026ರ ಅಕ್ಟೋಬರ್ 13ರ ತನಕ ಎಂದು ಘೋಷಣೆಯಾಗಿತ್ತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಹಳೇ ಸಿಸ್ಟಮಿಗೆ ಅಡ್ಡದಾರಿಯಲ್ಲಿ 11 ಹಾಕುವ ವಿಧಾನಗಳಿವೆ. ನನ್ನ ಸ್ವಂತದ್ದಕ್ಕೆ ಬೇಕಾದರೆ ಹಾಕಿಕೊಂಡೇನು, ಗೆಳೆಯರದಕ್ಕೆ ಹಾಕುವುದಿಲ್ಲ. ಮುಂದಿನ ಅಪ್‌ಡೇಟಿಗೆ ಕೈಕೊಟ್ಟರೆ ಮತ್ತೆ ನಾನೇ ಓಡಬೇಕು. ಬರೀ ಬ್ರೌಸರ್ ಬಳಸುವವರಿಗೆ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿಕೊಡುತ್ತೇನೆ. ಟ್ಯಾಲಿ, ಕನ್ನಡ ಟೈಪಿಸುವ ನುಡಿ ಬೇಕೆನ್ನುವವರಿಗೆ ಅದು ಆಗದು.

ಬ್ಯಾಂಕ್ ಸೈಟ್ ತೆರೆಯುತ್ತಿಲ್ಲ: ಒಂದು ಫೋನು

'ಹ್ಯಾಕ್ ಆಗಿದೆ ಅಂತ ಕಾಣ್ತದೆ ಮಾರಾಯಾ. ಬ್ಯಾಂಕಿಂದು ಓಪನ್ನೇ ಆಗ್ತಿಲ್ಲ.'

'ಬೇರೆ ಸೈಟು?'

'ಯಾವುದೂ ಇಲ್ಲ. ಎಲ್ಲದಕ್ಕೂ ಕೆಂಪು ತ್ರಿಕೋನ. ಸಂಪರ್ಕ ಸುರಕ್ಷಿತ ಅಲ್ಲ ಅಂತಿದೆ.'

'ಕೆಳಗೆ ಬಲಗಡೆ ಮೂಲೆ ನೋಡು. ತಾರೀಖು ಎಷ್ಟಿದೆ?'

'ಒಂದು, ಒಂದು, 2017... ಹೇ, ಇದೆಂತ!'

ಪ್ರತಿ ಸುರಕ್ಷಿತ ಸೈಟಿಗೂ ಒಂದು ಸರ್ಟಿಫಿಕೇಟ್ ಇರುತ್ತದೆ, ಅದಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ. ಸಿಸ್ಟಮಿನ ಪಾಲಿಗೆ ಇನ್ನೂ 2017 ಆಗಿದ್ದರೆ, ಆ ಸರ್ಟಿಫಿಕೇಟ್ ಹುಟ್ಟೇ ಇಲ್ಲ. ಹಾಗಾಗಿ ಎಲ್ಲವನ್ನೂ ನಕಲಿ ಎಂದು ತಳ್ಳುತ್ತದೆ. ತಾರೀಖನ್ನು ಕೈಯಿಂದ ಸರಿಮಾಡಿಸಿ, ಡೇಟ್ ಅಂಡ್ ಟೈಮ್ ಸೆಟ್ಟಿಂಗಿನಲ್ಲಿ 'ಸಿಂಕ್ ನೌ' ಒತ್ತಿಸಿದರೆ ಸೈಟು ತೆರೆಯುತ್ತದೆ. ನಾಳೆ ಬೆಳಿಗ್ಗೆ ಮತ್ತೆ ಹಿಂದೆ ಹೋದರೆ ಮದರ್‌ಬೋರ್ಡಿನ ನಾಣ್ಯದಾಕಾರದ ಸೆಲ್ ಸತ್ತಿದೆ. ಹೆಸರು ಸಿಆರ್ 2032. ಅಡ್ಡಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್, ಅದನ್ನೇ ಹೆಸರಾಗಿ ಇಟ್ಟಿದ್ದಾರೆ. ವಾಚಿನ ಅಂಗಡಿಯಲ್ಲೂ ಸಿಗುತ್ತದೆ. ಕರೆಂಟ್ ಕಿತ್ತು, ಸ್ಪ್ರಿಂಗ್ ಸರಿಸಿ ಹಳೆಯದನ್ನು ತೆಗೆದು, ಪ್ಲಸ್ ಗುರುತು ಕಾಣುವಂತೆ ಹೊಸದನ್ನು ಕೂರಿಸಿ.

ನೆಟ್ ಇಲ್ಲ

ಮೊದಲು ಅದೇ ವೈಫೈಯಲ್ಲಿ ಮೊಬೈಲ್ ನೋಡಿ, ಮೊಬೈಲ್ ಡೇಟಾ ಆಫ್ ಮಾಡಿಸಿ. ಮೊಬೈಲಿಗೂ ಇಲ್ಲದಿದ್ದರೆ ತೊಂದರೆ ಕಂಪ್ಯೂಟರಿನದ್ದಲ್ಲ. ಫೈಬರ್ ಡಬ್ಬಿಯಲ್ಲಿ ಎಲ್‌ಒಎಸ್ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕೇ ಮನೆಗೆ ಬರುತ್ತಿಲ್ಲ. ಎಲ್ಲೋ ಮರದ ಕೊಂಬೆ ಬಿದ್ದು ಕೇಬಲ್ ಕಡಿದಿರಬಹುದು. ಮನೆಯೊಳಗೆ ಹಳದಿ ವೈರನ್ನು ಯಾರೂ ಚೂಪಾಗಿ ಮಡಚಿಲ್ಲ ಎಂದಷ್ಟು ನೋಡಿ, ಲೈನಿನವರಿಗೆ ಫೋನ್ ಮಾಡಿಸಿ. ತುದಿ ಬಿಚ್ಚಿದ್ದರೆ ಕಣ್ಣಿಟ್ಟು ಇಣುಕಬೇಡಿ, ಆ ಬೆಳಕು ಕಾಣದಿದ್ದರೂ ಕಣ್ಣಿಗೆ ಕೆಟ್ಟದ್ದು.

ಮೊಬೈಲಿಗೆ ಇದೆ, ಸಿಸ್ಟಮಿಗೆ ಇಲ್ಲ ಎಂದಾದರೆ ವಿಂಡೋಸ್ ಕೀ ಜೊತೆ ಆರ್ ಒತ್ತಿಸಿ, ಸಿ-ಎಂ-ಡಿ ಎಂದು ಟೈಪ್ ಮಾಡಿಸಿ ಎಂಟರ್. ಕಪ್ಪು ಕಿಟಕಿಯಲ್ಲಿ ಐಪಿಕಾನ್ಫಿಗ್ (ipconfig) ಎಂದು ಜಾಗ ಬಿಡದೆ ಬರೆಸಿ. ಐಪಿವಿ4 ಸಾಲಿನ ಅಂಕೆ 169.254 ಎಂದು ಶುರುವಾದರೆ ರೌಟರ್ ವಿಳಾಸವನ್ನೇ ಕೊಟ್ಟಿಲ್ಲ: ವೈಫೈ 'ಫರ್ಗೆಟ್' ಮಾಡಿ ಮತ್ತೆ ಸೇರಿಸಿ, ರೌಟರ್ ಅರ್ಧ ನಿಮಿಷ ಆರಿಸಿ ಹಾಕಿ. 192.168 ಎಂದಿದ್ದರೆ ಪಿಂಗ್ (ping) ಎಂದು ಬರೆದು, ಒಂದು ಜಾಗ ಬಿಟ್ಟು, 8.8.8.8 ಹಾಕಿಸಿ. ಉತ್ತರ ಬರುತ್ತಿದೆ ಆದರೆ ಸೈಟು ಮಾತ್ರ ಇಲ್ಲ ಎಂದರೆ ಹೆಸರು ಹುಡುಕುವ ಡಿಎನ್‌ಎಸ್ ಕೆಟ್ಟಿದೆ. ಅದರ ಜಾಗದಲ್ಲಿ 1.1.1.1 ಅಥವಾ 8.8.8.8 ಕೊಡಿ.

ದಪ್ಪ ಮಣ್ಣಿನ ಗೋಡೆಯ ಹಳೇ ಮನೆಗಳಲ್ಲಿ 5 ಗಿಗಾಹರ್ಟ್ಸ್ ವೈಫೈ ಒಂದು ಕೋಣೆ ದಾಟುವುದೂ ಕಷ್ಟ. ಹಿಂದಿನ ಕೋಣೆಯ ಸಿಸ್ಟಮನ್ನು 2.4ಕ್ಕೆ ಹಾಕಿ. ವೇಗ ಕಡಿಮೆ, ಆದರೆ ತಲುಪುತ್ತದೆ. ಮತ್ತೆ, ಏಪ್ರಿಲ್-ಮೇ ಗುಡುಗಿಗೆ ಬರೀ ಸ್ವಿಚ್ ಆರಿಸಿದರೆ ಸಾಲದು. ರೌಟರಿನ ಅಡಾಪ್ಟರನ್ನೂ, ಸಿಸ್ಟಮಿಗೆ ಹೋಗುವ ಲ್ಯಾನ್ ವೈರನ್ನೂ ಕೀಳಿಸಿ. ಸಿಡಿಲು ಅಡಾಪ್ಟರಿನಿಂದ ರೌಟರಿಗೆ, ಅಲ್ಲಿಂದ ಲ್ಯಾನ್ ವೈರಿನಲ್ಲಿ ಮದರ್‌ಬೋರ್ಡಿಗೆ ನಡೆದುಹೋದ ಮನೆ ನಾನು ನೋಡಿದ್ದೇನೆ.

ಪ್ರಿಂಟರ್

ಇದರ ಬಗ್ಗೆ ಹೆಚ್ಚು ಬರೆದರೆ ಬೇಸರವಾಗುತ್ತದೆ. ಪ್ರಿಂಟಿಗೆ ಕೊಟ್ಟದ್ದು ಕ್ಯೂನಲ್ಲಿ ಸಿಕ್ಕಿಕೊಂಡಿದ್ದರೆ ಸರ್ವೀಸಸ್ ಪಟ್ಟಿಯಲ್ಲಿ ಪ್ರಿಂಟ್ ಸ್ಪೂಲರ್ ನಿಲ್ಲಿಸಿ, ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಫೋಲ್ಡರಿನೊಳಗಿನ ಫೈಲುಗಳನ್ನು ಅಳಿಸಿ ಮತ್ತೆ ಶುರು ಮಾಡಿ. ವೈಫೈ ಪ್ರಿಂಟರ್ ಇದ್ದಕ್ಕಿದ್ದಂತೆ 'ಆಫ್‌ಲೈನ್' ಎಂದರೆ ರೌಟರ್ ಅದಕ್ಕೆ ಬೇರೆ ವಿಳಾಸ ಕೊಟ್ಟಿರಬಹುದು. ತೆಗೆದು ಮತ್ತೆ ಸೇರಿಸಿ. ಇಂಕ್ ಪ್ರಿಂಟರ್ ಇಟ್ಟುಕೊಂಡವರು ಹದಿನೈದು ದಿನಕ್ಕೊಂದು ಬಣ್ಣದ ಪುಟ ತೆಗೆಯದಿದ್ದರೆ ಇಂಕ್ ಉಗುಳುವ ತಲೆ ಒಣಗುತ್ತದೆ.

ಕನ್ನಡ ಕಾಣುತ್ತಿಲ್ಲ

ಇದು ನಮ್ಮದೇ ವಿಶಿಷ್ಟ ರೋಗ. ಸಂಘದ ಹಳೇ ನಡಾವಳಿ ತೆರೆದರೆ ಕನ್ನಡದ ಬದಲು ತಲೆ ಮೇಲೆ ಗೆರೆ ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಫೈಲ್ ಕೆಟ್ಟಿದೆ ಎಂದು ಅಳಿಸುವವರೂ ಇದ್ದಾರೆ. ಕೆಟ್ಟಿಲ್ಲ. ಕನ್ನಡ ಟೈಪಿಸುವ ಸಾಫ್ಟ್‌ವೇರ್, ಶೇಷಾದ್ರಿವಾಸು ಅವರ 'ಬರಹ' ಬಂದದ್ದು 1998ರಲ್ಲಿ. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಸರ್ಕಾರಿ ಕಚೇರಿಗಳಿಗೆಲ್ಲ ಹಬ್ಬಿತು. ಆ ಕಾಲದ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆಯೇ ಕನ್ನಡದ ಚಿತ್ರ ಕೂರಿಸಿದ್ದರು. ಫಾಂಟ್ ಇಲ್ಲದ ಸಿಸ್ಟಮಿನಲ್ಲಿ ಮುಖವಾಡ ಕಳಚಿ ಸಂಕೇತ ಮಾತ್ರ ಕಾಣುತ್ತದೆ.

ಬರೀ ಓದಬೇಕಾದರೆ ಆ ಫಾಂಟ್ ಹಾಕಿ. ಮುಂದಕ್ಕೂ ಬಳಸಬೇಕಾದರೆ ಆಸ್ಕಿ ಎನ್ನುವ ಈ ಹಳೇ ಸಂಕೇತದಿಂದ, ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡಿಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ, ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ. ಬದಲಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನೂ, ಎರಡು ಒತ್ತು ಇರುವ ಪದಗಳನ್ನೂ ಹುಡುಕಿ ನೋಡಿ, ತಪ್ಪುವುದು ಅಲ್ಲೇ. ಹಳೇ ವಿಂಡೋಸಿನಲ್ಲಿ 'ತುಂಗಾ' ಫಾಂಟಿನಲ್ಲಿ ಬರೆದದ್ದು ಹೊಸದರಲ್ಲಿ ಬೇರೆ ಆಕಾರದಲ್ಲಿ ಕಂಡರೆ, ಆಪ್ಷನಲ್ ಫೀಚರ್ಸಿನಿಂದ ಕನ್ನಡದ ಪೂರಕ ಫಾಂಟುಗಳನ್ನು ಇಳಿಸಿಕೊಳ್ಳಬಹುದು.

ಹೊಸದಾಗಿ ಟೈಪ್ ಮಾಡುವವರಿಗೆ ಏನನ್ನೂ ಇಳಿಸಿಕೊಡಬೇಕಿಲ್ಲ. ಟೈಮ್ ಅಂಡ್ ಲ್ಯಾಂಗ್ವೇಜ್ ಸೆಟ್ಟಿಂಗಿನಲ್ಲಿ ಕನ್ನಡ ಸೇರಿಸಿ. 2019ರ ಮೇ ಅಪ್‌ಡೇಟಿನಿಂದ ಈಚೆಗೆ ಇಂಗ್ಲಿಷ್ ಉಚ್ಚಾರದಂತೆ ಟೈಪಿಸುವ ಫೋನೆಟಿಕ್ ಕೀಲಿಮಣೆಯೂ ಅಲ್ಲಿದೆ. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಇಂಗ್ಲಿಷ್, ಕನ್ನಡ ಅದಲುಬದಲು. ನುಡಿಗೆ ಕೈ ಒಗ್ಗಿದವರಿಗೆ ಮಾತ್ರ ಇದನ್ನು ಹೇರಬೇಡಿ. ಅವರಿಗೆ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ಬೆರಳಲ್ಲಿದೆ; ನುಡಿಯ ಯೂನಿಕೋಡ್ ಆವೃತ್ತಿ ಹಾಕಿಕೊಡಿ.

ಕಂಪ್ಯೂಟರಿನದಲ್ಲದ ಕಂಪ್ಯೂಟರ್ ತೊಂದರೆಗಳು

'ಆಧಾರ್ ಪಿಡಿಎಫ್ ಪಾಸ್‌ವರ್ಡ್ ಕೇಳ್ತದೆ': ಆಧಾರಿನಲ್ಲಿರುವ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ದೊಡ್ಡಕ್ಷರದಲ್ಲಿ, ಅದಕ್ಕೆ ಅಂಟಿಸಿ ಹುಟ್ಟಿದ ವರ್ಷ. ಇ-ಪ್ಯಾನ್ ಆದರೆ ಹುಟ್ಟಿದ ದಿನ, ತಿಂಗಳು, ವರ್ಷ ಸೇರಿ ಎಂಟು ಅಂಕೆ. 'ಮೇಲ್ ಬರ್ತಿಲ್ಲ': ಗೂಗಲ್‌ನ ಪುಕ್ಕಟೆ 15 ಜಿಬಿ ತುಂಬಿರಬಹುದು, ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ ಅಷ್ಟೇ. 'ಅರ್ಜಿಗೆ ಫೋಟೋ ತೆಗೊಳ್ತಿಲ್ಲ': 50 ಕೆಬಿಯೊಳಗೆ ಕೇಳಿರುತ್ತಾರೆ, ಮೊಬೈಲ್ ಫೋಟೋ 4 ಎಂಬಿ ಇರುತ್ತದೆ; ಪೇಂಟಿನಲ್ಲಿ ರೀಸೈಜ್ ಮಾಡಿ ಜೆಪೆಗ್ ಆಗಿ ಉಳಿಸಿ.

ಸೈರನ್ ಹೊಡೆಯುವ ಪರದೆ

'ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ' ಎಂದು ಪೂರ್ತಿ ಪರದೆ ತುಂಬಿ ಕೂಗುತ್ತದೆ. ಅದು ಬರೀ ಒಂದು ವೆಬ್ ಪುಟ. ಎಸ್ಕೇಪ್ ಕೀ ಒತ್ತಿ ಹಿಡಿದರೆ ಪರದೆ ಕುಗ್ಗುತ್ತದೆ. ಇಲ್ಲದಿದ್ದರೆ ಟಾಸ್ಕ್ ಮ್ಯಾನೇಜರಿನಿಂದ ಬ್ರೌಸರ್ ಮುಗಿಸಿ. ಮತ್ತೆ ತೆರೆದಾಗ ಹಳೇ ಪುಟಗಳನ್ನು 'ರಿಸ್ಟೋರ್' ಮಾಡಬೇಡಿ. ಮೂಲೆಯಲ್ಲಿ ದಿನಾ ಪುಟಿಯುವ ಜಾಹೀರಾತುಗಳು ಹೆಚ್ಚಾಗಿ ಯಾವುದೋ ಸೈಟಿಗೆ ಗೊತ್ತಿಲ್ಲದೆ ಒತ್ತಿದ 'ಅಲೋ'. ಬ್ರೌಸರಿನ ಸೈಟ್ ಸೆಟ್ಟಿಂಗ್ಸ್, ನೋಟಿಫಿಕೇಷನ್ಸ್ ಪಟ್ಟಿಯಿಂದ ತೆಗೆಯಿರಿ.

ಅಷ್ಟರಲ್ಲಿ ಅವರು ಫೋನ್ ಮಾಡಿಯೇಬಿಟ್ಟಿದ್ದರೆ, ಆಚೆಯವನು ರಿಮೋಟ್ ಆ್ಯಪ್ ಹಾಕಿಸಿದ್ದರೆ, ಮೊದಲು ನೆಟ್ ಕೀಳಿಸಿ. ಬೈಯುವುದನ್ನು ಆಮೇಲಕ್ಕೆ ಇಟ್ಟುಕೊಳ್ಳಿ. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಜೊತೆಗೆ ಬ್ಯಾಂಕಿಗೆ ಫೋನ್. ತಡವಾದಷ್ಟೂ ದುಡ್ಡು ಖಾತೆಯಿಂದ ಖಾತೆಗೆ ದಾಟುತ್ತದೆ. ಪಾಸ್‌ವರ್ಡುಗಳನ್ನು ಬೇರೆ ಸಾಧನದಿಂದ ಬದಲಿಸಿಸಿ.

ನೀವೇ ದೂರದಿಂದ ನೋಡಬೇಕಾದರೆ ವಿಂಡೋಸಿನಲ್ಲೇ ಕ್ವಿಕ್ ಅಸಿಸ್ಟ್ ಇದೆ: ಕಂಟ್ರೋಲ್, ವಿಂಡೋಸ್ ಕೀ, ಕ್ಯೂ. ನೀವು ಮೈಕ್ರೋಸಾಫ್ಟ್ ಖಾತೆಯಲ್ಲಿ ಒಳಹೋಗಿ ಒಂದು ಕೋಡ್ ಪಡೆದು ಅವರಿಗೆ ಹೇಳಬೇಕು, ಅದು ಕೆಲವೇ ನಿಮಿಷ ನಡೆಯುತ್ತದೆ. ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮಗ ಊರಿನ ಅಪ್ಪನ ಸಿಸ್ಟಮ್ ನೋಡುವುದಕ್ಕೂ ಇದೇ ದಾರಿ. ಬರೀ ಪರದೆ ನೋಡಿ, ಹಿಡಿತ ಕೇಳಬೇಡಿ. ಇಲ್ಲೂ ಮೌಸ್ ಅವರದ್ದೇ. ಕೋಡ್ ಓದಿ ಹೇಳುವ ಮುಂಚೆ, 'ನಾನಲ್ಲದೆ ಬೇರೆ ಯಾರು ಹೀಗೆ ಕೋಡ್ ಕೊಟ್ಟರೂ ಹಾಕಬಾರದು' ಎಂದು ಪ್ರತಿ ಸಲವೂ ಹೇಳುತ್ತೇನೆ. ಕೇಳಿ ಕೇಳಿ ಈಗ ಅವರೇ ನನಗಿಂತ ಮೊದಲು ಹೇಳಿಬಿಡುತ್ತಾರೆ.

ಅಂಗಡಿಗೆ ಒಯ್ಯುವಾಗ

ಮದರ್‌ಬೋರ್ಡ್, ಲ್ಯಾಪ್‌ಟಾಪ್ ಪರದೆ, ನೀರು ಬಿದ್ದದ್ದು, ಇವಕ್ಕೆ ಕೈ ಹಾಕಬೇಡಿ. ಒಯ್ಯುವ ಮುಂಚೆ ಸೀರಿಯಲ್ ನಂಬರಿನ ಫೋಟೋ ಹೊಡೆಸಿ. ತೊಂದರೆ ಡಿಸ್ಕಿನದ್ದಲ್ಲದಿದ್ದರೆ, ಸುಲಭಕ್ಕೆ ಬಿಚ್ಚಲು ಬಂದರೆ, ಡಿಸ್ಕನ್ನು ಮನೆಯಲ್ಲೇ ಬಿಟ್ಟು ಹೋಗಿ. ಬದಲಿಸಿದ ಹಳೇ ಭಾಗ ವಾಪಸ್ ಬೇಕೆಂದು ಮೊದಲೇ ಹೇಳಿ. ಬಿಡಿಭಾಗಕ್ಕೆ ಕಂಪ್ಯೂಟರ್ ಅಂಗಡಿಗಳ ಸಾಲಿರುವ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗುವವರು ಎರಡು ಮೂರು ಅಂಗಡಿಯಲ್ಲಿ ದರ ಕೇಳಿ, ವಾರಂಟಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ಕೆಲಸ ಮುಗಿದ ಮೇಲೆ ಒಂದು ಚೀಟಿ ಬರೆದು ಕ್ಯಾಬಿನೆಟ್ಟಿನ ಪಕ್ಕಕ್ಕೆ ಅಂಟಿಸುತ್ತೇನೆ: ತಾರೀಖು, ಏನು ಕೆಟ್ಟಿತ್ತು, ಏನು ಬದಲಿಸಿದ್ದು, ನಕಲು ಎಲ್ಲಿದೆ. ಮುಂದಿನ ಸಲ ನಾನಲ್ಲದೆ ಇನ್ನೊಬ್ಬ ಬಂದರೂ ಕತ್ತಲಲ್ಲಿ ತಡಕಾಡಬೇಕಿಲ್ಲ. ನಾಮಕರಣದ ಗೆಳೆಯನ ಮನೆಯ ಚೀಟಿಯಲ್ಲಿ ನನ್ನ ಸಾಲುಗಳು ಶುರುವಾಗುವುದು ಎರಡನೆಯದರಿಂದ. ಮೊದಲ ಸಾಲು ಅವನ ಹೆಂಡತಿಯ ಅಕ್ಷರದಲ್ಲಿದೆ, ಕೆಂಪು ಪೆನ್ನಿನಲ್ಲಿ: 'ನನ್ನನ್ನು ಕೇಳದೆ ಏನನ್ನೂ ಅಳಿಸಬಾರದು.'